ಬಿಳಿ ಚಿಟ್ಟೆ ಸಾಲಿನ ಕಲೆಗಳು

ಏಪ್ರಿಲ್ 8, ಮಂಗಳವಾರ

ವಿಹಾರದ ಹಿರಿಯ ಭಿಕ್ಷುಗಳು ನನ್ನ ಕಾಲು ನೋಡಲು ಬಂದಿದ್ದರು. ಬಿದ್ದ ಕತೆಯನ್ನೆಲ್ಲ ಹೇಳಿದೆ. ಆರ್ಕಿಡ್ ಸಾಲುಗಳ ನಡುವಿನ ಕಾಲುವೆಗೆ ಹಾಕಿದ ಹಲಗೆ ಪಾಚಿಗಟ್ಟಿದ್ದು, ಅದನ್ನು ಬದಲಿಸು ಎಂದು ಮಗ ಚಾತ್‌ಗೆ ಹೇಳಿ ಹೇಳಿ ನನ್ನ ನಾಲಗೆ ಸವೆದದ್ದು, ಆಸ್ಪತ್ರೆಯ ಗಂಜಿಗೆ ಉಪ್ಪೇ ಇಲ್ಲದ್ದು, ಒಂದನ್ನೂ ಬಿಡಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು ನಕ್ಕರು.

"ಯೋಮ್ ಪ್ರಯೋಂಗ್, ಬೈಯೋದನ್ನ ನಿನಗೆ ಯಾರೂ ಕಲಿಸಬೇಕಾಗಿಲ್ಲ. ಪ್ಲಾಸ್ಟರ್ ಬಿಚ್ಚೋ ತನಕ ಆದಾಗೆಲ್ಲ ಒಂದು ಉಪಕಾರ ನೆನೆಸಿಕೊಂಡು ಬರೆದಿಡು, ನೋಡೋಣ."

ಯೋಮ್, ಉಪಾಸಕಿ, ಎಂದು ಕರೆದು ಹೇಳಿದ ಭಿಕ್ಷುಗಳ ಮಾತಿಗೆ ಇಲ್ಲ ಎನ್ನಲಾಗದು. ಬರೆಯುತ್ತಿದ್ದೇನೆ. ಹೈಸ್ಕೂಲು ಮುಗಿಸಿದವಳು ನಾನು. ಆ ಕಾಲಕ್ಕೆ ಈ ಕಾಲುವೆ ದಂಡೆಯಲ್ಲಿ ಅಷ್ಟು ಓದಿದ ಹೆಂಗಸು ಬೇರೆ ಇರಲಿಲ್ಲ.

ಇವತ್ತಿನ ಉಪಕಾರ: ಮುರಿದದ್ದು ಪಾದದ ಕೀಲು, ಸೊಂಟವಲ್ಲ. ಜಗುಲಿಯ ಫ್ಯಾನು ಕೂಡ ಕೆಟ್ಟಿಲ್ಲ. ಇಲ್ಲಿಂದ ಅಡುಗೆಮನೆ ಕಾಣುತ್ತದೆ, ದೊಡ್ಡ ಕಾಲುವೆ ಕಾಣುತ್ತದೆ. ಮನೆಯ ಹಿಂದಿರುವ ತೋಟ ಮಾತ್ರ ಕಾಣುವುದಿಲ್ಲ. ಕಾಣಬೇಕಾದದ್ದು ಅದೊಂದೇ ಆಗಿತ್ತು.

ಏಪ್ರಿಲ್ 11, ಶುಕ್ರವಾರ

ಸೆಕೆ. ಪ್ಲಾಸ್ಟರಿನೊಳಗೆ ಇರುವೆ ಹರಿದಂತೆ ತುರಿಕೆ.

ಚಾತ್‌ನ ಹೆಂಡತಿ ನನ್ನ ತಲೆ ಬಾಚಲು ಬಂದಳು. ದೂರದ ಈಶಾನ್ಯ ಸೀಮೆಯ, ಈಸಾನ್ ಕಡೆಯವಳು. ಅಲ್ಲಿಯವರ ಕೈ ಒರಟು, ನೆತ್ತಿ ಉರಿಯಿತು. ಹೇಳಿದೆ. "ಕಾಲು ಮುರಿದ್ರೂ ಬಾಯಿಗೇನೂ ಆಗ್ಲಿಲ್ವಲ್ಲ ಅಮ್ಮಾ, ಪುಣ್ಯ" ಎಂದಳು. ಅತ್ತೆಗೆ ಹೀಗೆ ಉತ್ತರ ಕೊಡುವುದನ್ನು ನಮ್ಮ ಕಾಲದಲ್ಲಿ ಕೇಳಿರಲಿಲ್ಲ.

ಪ್ರತಿ ಹಬ್ಬಕ್ಕೂ ಊರಿಗೆ ಹೋಗುವವಳು ಈ ಸಲ ಹೋಗಿಲ್ಲ. ಮುಖ ಸಣ್ಣದು ಮಾಡಿಕೊಂಡಿದ್ದಾಳೆ. ಹಬ್ಬದ ಹೊತ್ತಿಗೇ ಬೀಳಬೇಕೆಂದು ನಾನೇನು ಮುಹೂರ್ತ ನೋಡಿ ಬಿದ್ದೆನೇ? ಅವಳ ಅಣ್ಣ ಬ್ಯಾಂಕಾಕಿಗೆ ಹೋಗುವ ದಾರಿಯಲ್ಲಿ ಇಳಿದು ಒಂದು ಬುಟ್ಟಿ ಅಂಟಕ್ಕಿ, ಒಂದು ಡಬ್ಬಿ ಪ್ಲಾರಾ, ಮರದಿಂದ ಬಿಡಿಸಿ ತಂದ ಒಂದು ಕಾಡು ಆರ್ಕಿಡ್ ಕೊಟ್ಟು ಹೋದ. ಮೀನು ಕೊಳೆಸಿದ ಪ್ಲಾರಾ ವಾಸನೆ ಜಗುಲಿಯ ತನಕ ಬಂತು. ಡಬ್ಬಿಗೆ ಮುಚ್ಚಳ ಹಾಕು ಎಂದು ಎರಡು ಸಲ ಕೂಗಬೇಕಾಯಿತು. ಕಾಡು ಗಿಡವನ್ನು ಅವಳು ನಮ್ಮ ಬಿಳಿ ಚಿಟ್ಟೆ ಆರ್ಕಿಡ್ ಸಾಲಿನ ಪಕ್ಕ ತೂಗುಹಾಕಿದ್ದಾಳಂತೆ. ಯಾರನ್ನು ಕೇಳಿ?

ಇವತ್ತಿನ ಉಪಕಾರ: ಹುಣಸೆಮರದ ನೆರಳು.

ಏಪ್ರಿಲ್ 14, ಸೋಮವಾರ

ಸೊಂಗ್‌ಕ್ರಾನ್. ಹೊಸ ವರ್ಷ, ನೀರಿನ ಹಬ್ಬ. ಬೆಳಿಗ್ಗೆ ಚಾತ್ ಮತ್ತು ಅವನ ಹೆಂಡತಿ ಮಂಡಿಯೂರಿ ಕುಳಿತು ನನ್ನ ಅಂಗೈಗೆ ಮಲ್ಲಿಗೆ ನೀರು ಎರೆದರು. ವಾಡಿಕೆಯಂತೆ ಹರಸಿದೆ.

ಮಧ್ಯಾಹ್ನ ಲುಂಗ್ ಚೋಯ್ ದೋಣಿ ಕಟ್ಟಿ ಬಂದ. ದೊಡ್ಡ ಕಾಲುವೆಯ ಆಚೆ ದಡದವನು, ನಮ್ಮವರ ಬಾಲ್ಯದ ಜತೆಗಾರ, ಅವನದೂ ಆರ್ಕಿಡ್ ತೋಟವೇ. ವಯಸ್ಸಿಗೆ ಊರಿನವರೆಲ್ಲ ಲುಂಗ್, ದೊಡ್ಡಪ್ಪ, ಎನ್ನುತ್ತಾರೆ. ಬುದ್ಧಿ ಇನ್ನೂ ಚಡ್ಡಿ ಬಿಟ್ಟಿಲ್ಲ. ಹಬ್ಬದ ವಾಡಿಕೆಯಂತೆ ಮುಖಕ್ಕೆಲ್ಲ ಬಿಳಿ ಸುಣ್ಣದ ಹಿಟ್ಟು ಬಳಿದುಕೊಂಡಿದ್ದ.

"ಪ್ರಯೋಂಗ್, ನಿನ್ನ ಪ್ಲಾಸ್ಟರಿಗೆ ಒಂದು ಬೋಗುಣಿ ಎರಚ್ಲಾ? ಹಬ್ಬ ಕಣೇ!"

"ಎರಚಿ ನೋಡು. ಇನ್ನೊಂದು ಕಾಲು ಚೆನ್ನಾಗಿದೆ, ಒದೆಯೋಕೆ."

ತನ್ನ ಪೆಟ್ಟಿಗೆಯಿಂದ ದೊಡ್ಡದೊಂದು ಐಸು ತುಂಡು ತೆಗೆದು ನನ್ನ ಲೋಟಕ್ಕೆ ಹಾಕಿ, ಬಕೆಟ್ ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದ. ಆಮೇಲೆ ತೋಟದ ಕಡೆಯಿಂದ ಕೂಗು, ನಗು, ಓಡಾಟ. ಅವಳ ನಗು ಎಲ್ಲರಿಗಿಂತ ಮೇಲೆ. ನಾನು ಬೆವರು ಒರೆಸಿಕೊಳ್ಳುತ್ತ ಕಾಲುವೆಯನ್ನು ನೋಡುತ್ತ ಕುಳಿತೆ.

ಇವತ್ತಿನ ಉಪಕಾರ: ಲುಂಗ್ ಚೋಯ್‌ನ ಐಸು. ಸಂಜೆಯ ತನಕ ಲೋಟ ತಣ್ಣಗಿತ್ತು.

ಏಪ್ರಿಲ್ 18, ಶುಕ್ರವಾರ

ಉಪಕಾರ ಹುಡುಕುವ ದಿನವಲ್ಲ. ಬಿಳಿ ಚಿಟ್ಟೆ ಸಾಲಿಗೆ ಏನೋ ತಗುಲಿದೆ.

ಆ ಸಾಲು ನಮ್ಮವರು ಮಾಡಿದ್ದು. ಚಿಟ್ಟೆ ಆರ್ಕಿಡ್‌ಗಳಲ್ಲಿ ಹಾಲಿನಂಥ ಬಿಳುಪು ಬರಬೇಕು, ಹೂವಿನ ನಡುವಿನ ತುಟಿಯ ಮೇಲೂ ಒಂದು ಚುಕ್ಕೆ ಇರಬಾರದು ಎಂದು ಅರ್ಧ ಆಯುಸ್ಸು ಕಳೆದರು. ಅಂಥ ಬಿಳಿ ಈ ಸೀಮೆಯಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ. ಅವರು ಹೋದ ಮೇಲೆ ತಾಯಿಗಿಡಗಳನ್ನು ನಾನೇ ನೋಡಿಕೊಂಡೆ. ಅಗಲ ಎಲೆಯ ಒಂದೊಂದು ಗಿಡವೂ ನನಗೆ ಮುಖ ನೋಡಿ ಗುರುತು.

ಗಿಡವನ್ನು ಕುಂಡದ ಸಮೇತ ತರಲು ನಾನೇ ಬಿಡಲಿಲ್ಲ. ರೋಗದ ಗಿಡವನ್ನು ಬೇರೆ ಸಾಲುಗಳ ಮುಂದೆ ಹಾಯಿಸಬಾರದು. ಚಾತ್ ಒಂದು ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದ. ಫೋನಿನಲ್ಲೂ ಫೋಟೋ ತೋರಿಸಲು ಬಂದ. ಎಲೆಯನ್ನು ಫೋನಿನಲ್ಲಿ ನೋಡುವವರು ತೋಟ ಮಾಡಬಾರದು ಎಂದೆ.

ಎಲೆಯ ಮೇಲೆ ಮಸುಕು ಹಳದಿ ಕಲೆಗಳು. ಬೆರಳಾಡಿಸಿದರೆ ಅಲ್ಲಲ್ಲಿ ತಗ್ಗು. ಬಸವನಹುಳು ತಿಂದಿದ್ದರೆ ತೂತು ಬೀಳುತ್ತಿತ್ತು, ಕುಂಡ ತಾಗಿದ್ದರೆ ಗೀರು ಇರುತ್ತಿತ್ತು. ತಗ್ಗಾದ ಮಸುಕು ಎಂದರೆ ನುಸಿ. ಎಲೆಯ ಕೆಳಗೆ ಕುಳಿತು ರಸ ಹೀರುವ, ಕಣ್ಣಿಗೆ ಕಾಣದ ಕೆಂಪು ನುಸಿ. ಬಿಳಿ ಬಟ್ಟೆಯಲ್ಲಿ ಎಲೆಯ ಅಡಿ ಒರೆಸಿದೆ. ನುಸಿಯಿದ್ದರೆ ಕೆಂಪು ಗೆರೆ ಮೂಡಬೇಕು. ಮೂಡಲಿಲ್ಲ. ಎಲೆ ಇಲ್ಲಿಗೆ ಬರುವಷ್ಟರಲ್ಲಿ ಉದುರಿರುತ್ತವೆ. ಲುಂಗ್ ಚೋಯ್‌ಗೂ ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡು, "ನುಸಿಯೇ. ಅನುಮಾನವೇ ಬೇಡ" ಎಂದ.

ಈ ಸಾಲಿನ ಬೆನ್ನಿಗೇ ಚಾತ್ ಮಾರಾಟಕ್ಕೆ ಬೆಳೆಸುವ ಡೆಂಡ್ರೋಬಿಯಂ ಆರ್ಕಿಡ್ ಸಾಲುಗಳು. ಮನೆಯ ಅನ್ನ ಅದು. ಗಾಳಿ ಇತ್ತಲಿಂದ ಅತ್ತ ಬೀಸುವ ಕಾಲ.

ಏಪ್ರಿಲ್ 20, ಭಾನುವಾರ

ನಮ್ಮ ತೋಟಕ್ಕೆ ನುಸಿ ತಾನಾಗಿ ಬಂದದ್ದಿಲ್ಲ. ಹಾಗಾದರೆ ಎಲ್ಲಿಂದ ಬಂತು? ಕೇಳುವ ಅಗತ್ಯವೇ ಇಲ್ಲ. ಕಾಡು ಗಿಡ ಬಂದು ಪಕ್ಕದಲ್ಲಿ ತೂಗಿದ ವಾರದಲ್ಲೇ ಕಲೆ ಕಾಣಿಸಿದೆ. ಅದರ ಎಲೆಯ ಮೇಲೂ ಕಂದು ಮಚ್ಚೆಗಳಿವೆ ಎಂದು ಚಾತ್ ಒಪ್ಪಿಕೊಂಡ.

ಅವಳನ್ನು ಕರೆಸಿ ಹೇಳಿದೆ. "ಹೊರಗಿನ ಗಿಡವನ್ನ ಒಂದು ತಿಂಗಳು ದೂರ ಇಟ್ಟು ಆಮೇಲೆ ಒಳಗೆ ತರಬೇಕು ಅನ್ನೋದು ಮಗುವಿಗೂ ಗೊತ್ತು."

"ಅಣ್ಣ ಅಷ್ಟು ದೂರದಿಂದ ಮಡಿಲಲ್ಲಿಟ್ಕೊಂಡು ತಂದಿದ್ದು ಅಮ್ಮಾ. ಹೊರಗೆ ಬಿಸಾಡಿದ ಹಾಗೆ ಇಡೋಕೆ ಮನಸ್ಸು ಬರ್ಲಿಲ್ಲ."

"ಮನಸ್ಸು ಬರದಿದ್ರೆ ನುಸಿ ಬರುತ್ತೆ. ಕಾಲುವೆಗೆ ಎಸೆ."

ಅವಳು ಎದ್ದು ಹೋದಳು. ರಾತ್ರಿ ಊಟವನ್ನು ಮುಖ ತಿರುಗಿಸಿಕೊಂಡೇ ಬಡಿಸಿದಳು. ಸಾರಿನಲ್ಲಿ ಮಾತ್ರ ಏನೂ ಕಡಿಮೆ ಮಾಡಿರಲಿಲ್ಲ.

ಚಾತ್‌ಗೆ ಔಷಧಿ ಹೊಡೆಯಲು ಹೇಳಿದೆ. ನಾಳೆ ಬೆಳಿಗ್ಗೆ ಹೊಡೆಯುತ್ತೇನೆ ಎಂದ. ನಾಳೆ ಎನ್ನುವವನ ತೋಟ ನಾಳೆಗೆ ಉಳಿಯದು ಎಂದೆ. ಉರಿಬಿಸಿಲಿನಲ್ಲೇ ಹೋಗಿ ಹೊಡೆದು ಬಂದ.

ಏಪ್ರಿಲ್ 24, ಗುರುವಾರ

ಹರಡುತ್ತಿದೆ. ಚಾತ್ ಇವತ್ತು ತಂದ ಎಲೆಯ ತುದಿ ಕಂದಾಗಿ ಸುಟ್ಟಂತಿದೆ. ಹಿಂದಿನ ಎಲೆಯಲ್ಲಿ ಇದು ಇರಲಿಲ್ಲ. ಅರ್ಧ ಸಾಲಿನ ಎಲೆಗಳ ತುದಿ ಹೀಗಾಗಿವೆಯಂತೆ. ಔಷಧಿಗೂ ಜಗ್ಗದ ನುಸಿ.

ಲುಂಗ್ ಚೋಯ್ ಹೇಳಿದ, "ನಿನ್ನ ಜಾಗದಲ್ಲಿ ನಾನಿದ್ರೆ ಸುಟ್ಟುಬಿಡ್ತಿದ್ದೆ, ಪ್ರಯೋಂಗ್. ಬೆರಳು ಉಳಿಸೋಕೆ ಹೋಗಿ ಕೈ ಕಳ್ಕೋಬೇಡ."

ನನಗೆ ಗೊತ್ತಿಲ್ಲವೇ? ಬೇರೆಯವರ ತೋಟವಾಗಿದ್ದರೆ ಮೊದಲ ದಿನವೇ ನಾನೂ ಇದನ್ನೇ ಹೇಳುತ್ತಿದ್ದೆ. ಶನಿವಾರ ಸುಡುವುದೆಂದು ತೀರ್ಮಾನ. ಒಂದು ಗಿಡವನ್ನೂ ಉಳಿಸುವ ಹಾಗಿಲ್ಲ. ಒಂದು ಉಳಿದರೆ ನುಸಿಯೆಲ್ಲ ಉಳಿದಂತೆ.

ನಮ್ಮವರ ಪಟದ ಕಡೆ ಇವತ್ತು ನೋಡಲಿಲ್ಲ.

ಏಪ್ರಿಲ್ 26, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಿಗ್ಗೆ ಚಾತ್ ಒಣ ತೆಂಗಿನ ಗರಿ ತರಲು ಹೋಗಿದ್ದ. ಅವಳು ನನಗೆ ಗಂಜಿ ಕೊಟ್ಟು, ಬಟ್ಟಲು ಹಿಂದಕ್ಕೆ ತೆಗೆದುಕೊಳ್ಳದೆ ನಿಂತಳು.

"ಸುಡೋಕೆ ಮುಂಚೆ ಒಂದು ಸಲ ನೋಡ್ಬೇಕು ಅನ್ಸಲ್ವಾ ಅಮ್ಮಾ?"

"ಹೇಗೆ ಹೋಗಲಿ? ಹಾರಿಕೊಂಡಾ?"

"ಬೆನ್ನು ಹತ್ತಿ."

"ನಾನೇನು ಅಕ್ಕಿಮೂಟೆಯಾ?"

"ಅಕ್ಕಿಮೂಟೆ ವಾಸಿ ಅಮ್ಮಾ, ಮಾತಾಡಲ್ಲ. ಕೈ ಹಾಕಿ ಕುತ್ತಿಗೆಗೆ."

ಈ ವಯಸ್ಸಿನಲ್ಲಿ ಸೊಸೆಯ ಬೆನ್ನೇರಿದೆ. ಗದ್ದೆಯಲ್ಲಿ ದುಡಿದ ಬೆನ್ನು ಅದು, ಅಲುಗಲಿಲ್ಲ. ಗಿಡಗಳಿಗೆ ನೀರು ಹಾಯಿಸುವ ಚಪ್ಪಟೆ ದೋಣಿಯಲ್ಲಿ ನನ್ನನ್ನು ಕೂರಿಸಿ, ಪ್ಲಾಸ್ಟರಿಗೆ ಚೀಲ ಕಟ್ಟಿ, ತಾನು ತೊಡೆಮಟ್ಟ ನೀರಿಗಿಳಿದು ದೋಣಿಯನ್ನು ತಳ್ಳಿಕೊಂಡು ಹೋದಳು. ಡೆಂಡ್ರೋಬಿಯಂ ಸಾಲುಗಳು ಎರಡೂ ಕಡೆ ಹಾದುಹೋದವು. ಎಷ್ಟು ದಿನವಾಗಿತ್ತು ಕುಂಡಗಳ ಆ ಒದ್ದೆ ತೆಂಗಿನ ನಾರಿನ ವಾಸನೆ ಮೂಗಿಗೆ ಬಿದ್ದು. ಅಳು ಬರುವುದಕ್ಕೆ ಮೊದಲೇ ಬಿಳಿ ಚಿಟ್ಟೆ ಸಾಲು ಬಂತು.

ನೋಡಿದೆ. ಮತ್ತೆ ನೋಡಿದೆ. ದೋಣಿ ಹಿಂದಕ್ಕೆ ತಳ್ಳು ಎಂದೆ, ಮುಂದಕ್ಕೆ ತಳ್ಳು ಎಂದೆ.

ಚೀಲದಲ್ಲಿ ಬಂದ ಎಲೆ ತಾನು ಎಲ್ಲಿ ನಿಂತಿತ್ತೆಂದು ಹೇಳುವುದಿಲ್ಲ. ಕಲೆಗಳಿದ್ದದ್ದು ಹಲಗೆ ದಾರಿಯ ಕಡೆಯ ಗಿಡಗಳಿಗೆ ಮಾತ್ರ. ಕಾಲುವೆಯ ಕಡೆ ಮುಖ ಮಾಡಿದ ಗಿಡಗಳು ಚೊಕ್ಕ. ಕಲೆಗಳೂ ಅಡ್ಡಾದಿಡ್ಡಿ ಚೆಲ್ಲಿರಲಿಲ್ಲ. ಸಾಲಿನ ಒಂದು ತುದಿಯಲ್ಲಿ ದಟ್ಟವಾಗಿ ಶುರುವಾಗಿ, ಬೀಸಣಿಗೆಯಂತೆ ಬಿಚ್ಚಿಕೊಂಡು, ಮುಂದೆ ಹೋದಂತೆ ತೆಳುವಾಗಿ ಸಣ್ಣ ಹನಿಗಳಾಗಿದ್ದವು. ಒಂದು ಗಿಡದಲ್ಲಿ ಮೇಲಿನ ಎಲೆ ಕೆಳಗಿನ ಎಲೆಯ ಮೇಲೆ ಕೊಡೆಯಂತೆ ಚಾಚಿತ್ತು. ಮೇಲಿನ ಎಲೆಯ ಮೈತುಂಬ ಕಲೆ. ಕೆಳಗಿನ ಎಲೆಯಲ್ಲಿ ಕೊಡೆಯ ನೆರಳಿನಷ್ಟೂ ಜಾಗ ಹಸಿರು, ಅಂಚು ಕತ್ತರಿಸಿ ಇಟ್ಟಂತೆ. ನುಸಿ ಮರೆಯಲ್ಲಿ ಕುಳಿತು ತಿನ್ನುವ ಜಾತಿ. ಇಲ್ಲಿ ಮರೆಯಿದ್ದ ಕಡೆಯೇ ಎಲೆ ಉಳಿದಿದೆ.

ಇದು ಮೇಲಿನಿಂದ ಬಿದ್ದದ್ದು.

"ಇಲ್ಲಿ ಏನಾಯ್ತು?" ಎಂದು ಕೇಳಿದೆ.

ಅವಳು ನೀರಿನಲ್ಲಿ ನಿಂತು ನನ್ನನ್ನೇ ನೋಡಿದಳು. "ಏನು ಅಂದ್ರೆ ಅಮ್ಮಾ?"

"ಈ ಹಲಗೆಯ ಮೇಲೆ. ಹಬ್ಬದ ದಿನ. ಏನಾಯ್ತು, ನೆನಪಿದ್ದಷ್ಟು ಹೇಳು."

ಒದ್ದೆ ಅಂಗಿಯ ತುದಿ ಹಿಂಡಿದಳು. ಆಮೇಲೆ ಹೇಳಿದಳು. ಲುಂಗ್ ಚೋಯ್ ಬಕೆಟ್ ಹಿಡಿದು ಅಟ್ಟಿಸಿಕೊಂಡು ಬಂದಿದ್ದ. ಅವಳು ಈ ಹಲಗೆಯ ಮೇಲೆ ಓಡಿದಳು. ಅವನು ಅಲ್ಲಿ, ಸಾಲಿನ ಆ ತುದಿಯಲ್ಲಿ ನಿಂತು ಇಡೀ ಬಕೆಟ್ ಬೀಸಿ ಎರಚಿದ. ಅವಳು ಬಗ್ಗಿದಳು. ನೀರು ಗಿಡಗಳ ಮೇಲೆ ಹೋಯಿತು.

"ಎಂಥ ನೀರು?"

"ಐಸು ಕರಗಿಸಿದ್ದು. ಬೆನ್ನ ಮೇಲೆ ಒಂದು ಹನಿ ಬಿದ್ದಿದ್ದಕ್ಕೇ ಜೀವ ಹೋದ ಹಾಗಾಯ್ತು."

ಮಟಮಟ ಮಧ್ಯಾಹ್ನ, ಕಾದ ಎಲೆ, ಐಸಿನ ನೀರು. ಒಳಗಿನ ತಿರುಳು ಕುಸಿಯುತ್ತದೆ, ಮೇಲಿನ ಸಿಪ್ಪೆ ಹಾಗೇ ಇರುತ್ತದೆ. ತಗ್ಗಾದ ಮಸುಕು ಕಲೆ! ಎಳೆಯವನಾಗಿದ್ದಾಗ ಚಾತ್‌ಗೆ ನಾನೇ ಕಲಿಸಿದ ಪಾಠ: ಚಿಟ್ಟೆ ಗಿಡಕ್ಕೆ ಬಿಸಿಲಲ್ಲಿ ತಣ್ಣೀರು ಹಾಕಬೇಡ. ಆದರೆ ಐಸು ಎರಚುವವರು ಯಾರಿದ್ದಾರೆ ಎಂದು ಅತ್ತ ಮನಸ್ಸೇ ಹೋಗಿರಲಿಲ್ಲ. ತುದಿ ಸುಟ್ಟದ್ದು ಔಷಧಿಯ ಹನಿ ನಿಂತ ಕಡೆ ಮಾತ್ರ. ಉರಿಬಿಸಿಲಿನಲ್ಲಿ ಹೊಡೆದರೆ ಇನ್ನೇನಾಗುತ್ತದೆ? ಚಾತ್ ಬೆಳಿಗ್ಗೆ ಹೊಡೆಯುತ್ತೇನೆ ಎಂದಿದ್ದ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಹುಳ ಅಂದ್ರಿ. ನೀವು ಹುಳ ಅಂದ್ಮೇಲೆ ನಾನು ನೀರಿನ ಸುದ್ದಿ ಯಾಕೆ ತೆಗೀಲಿ? ಹಿರಿಯರು ಆಟ ಆಡಿದ್ದನ್ನ ಚಾಡಿ ಹೇಳಿದ ಹಾಗಾಗುತ್ತೆ." ದೋಣಿಯನ್ನು ತಿರುಗಿಸುತ್ತ, "ನೀವು ಕೇಳ್ಲೂ ಇಲ್ಲ" ಎಂದಳು.

ಅವಳ ಹೆಸರು ವಾನ್. ಬರೆದಿರಲಿಲ್ಲ ಅನ್ನಿಸುತ್ತದೆ.

ಏಪ್ರಿಲ್ 27, ಭಾನುವಾರ

ನಿನ್ನೆಯ ಉಳಿದ ಕತೆ. ನಾವು ವಾಪಸು ಬರುವಾಗ ಅಂಗಳದಲ್ಲಿ ಗರಿಗಳ ರಾಶಿ. ಲುಂಗ್ ಚೋಯ್ ಸಹಾಯಕ್ಕೆಂದು ಸೀಮೆಎಣ್ಣೆ ಡಬ್ಬಿ ಹಿಡಿದು ಗಂಭೀರವಾಗಿ, ಹೆಣದ ಮನೆಗೆ ಬಂದವನಂತೆ ನಿಂತಿದ್ದ. ನಾನು ವಾನ್ ಬೆನ್ನ ಮೇಲಿಂದಲೇ ಕೇಳಿದೆ.

"ಹಬ್ಬದ ದಿನ ಐಸುನೀರು ಎರಚಿದ್ದು ಯಾರು?"

"ಎಲ್ಲರೂ ಎರಚ್ತಾರೆ, ಹಬ್ಬ ಅಲ್ವಾ?"

"ಬಿಳಿ ಚಿಟ್ಟೆ ಸಾಲಿನ ಮೇಲೆ?"

ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. "ನನ್ನ ಕೈನೀರು ಬಿದ್ರೆ ಒಣಕೊರಡೂ ಚಿಗುರುತ್ತೆ ಅಂತ ನನ್ನ ಹೆಂಡ್ತಿ ಅಂತಿದ್ಳು."

"ಪಾಪ, ಒಳ್ಳೆ ಹೆಂಗಸು. ನಿನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳ್ತಿದ್ಳು."

ವಾನ್‌ಗೆ ನಗು ಬಂತು. ಅವಳು ನಕ್ಕರೆ ಬೆನ್ನ ಮೇಲಿದ್ದ ನಾನೂ ಕುಲುಕಾಡಿದೆ.

ಚಾತ್ ಮಾತ್ರ ನಗಲಿಲ್ಲ. "ಅಮ್ಮಾ, ಅದು ನೀರಿನ ಪೆಟ್ಟೇ ಇರಬಹುದು. ಆದ್ರೆ ಅಕಸ್ಮಾತ್ ನುಸಿಯೂ ಇದ್ರೆ? ನನ್ನ ಡೆಂಡ್ರೋಬಿಯಂ ಅಷ್ಟೂ ಹೋಗುತ್ತೆ. ಮೊದಲ ಸಲವೂ ನೀವು ಇಷ್ಟೇ ಖಚಿತವಾಗಿ ಹೇಳಿದ್ರಿ."

ಅವನ ಮಾತು ಸರಿ. ಪೆಟ್ಟು ಬಿದ್ದ ಕಲೆ ಬಿದ್ದಷ್ಟೇ ಇರುತ್ತದೆ, ಬೆಳೆಯುವುದಿಲ್ಲ. ಹುಳುವಿನ ಕಲೆ ಬೆಳೆಯುತ್ತದೆ, ಎಳೆ ಎಲೆಯನ್ನು ಮೊದಲು ಹಿಡಿಯುತ್ತದೆ. ಹೊಸ ಎಲೆ ಬಿಚ್ಚುವ ತನಕ ಕಾಯೋಣ, ಅದು ಎರಡೂ ಮಗ್ಗುಲು ಚೊಕ್ಕವಾಗಿ ಬಂದರೆ ಸಾಲು ಉಳಿಯಲಿ, ಒಂದೇ ಒಂದು ಚುಕ್ಕೆಯಿದ್ದರೂ ನಾನೇ ಬೆಂಕಿ ಹಚ್ಚುತ್ತೇನೆ ಎಂದೆ. ಚಾತ್ ಒಪ್ಪಿದ. ಗರಿಗಳ ರಾಶಿಯನ್ನು ಅಂಗಳದಲ್ಲೇ ಬಿಟ್ಟ.

ಕಲೆಗಳ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಲು ವಾನ್‌ಗೆ ಹೇಳಿಕೊಟ್ಟೆ.

ಏಪ್ರಿಲ್ 30, ಬುಧವಾರ

ಕಾಡು ಗಿಡ ಕಾಲುವೆಗೆ ಹೋಗಿರಲಿಲ್ಲ. ಚಾತ್ ಅದನ್ನು ಕೋಳಿಗೂಡಿನ ಹಿಂದೆ ಬಚ್ಚಿಟ್ಟಿದ್ದ. ತರಿಸಿ ನೋಡಿದೆ. ಮಚ್ಚೆಗಳು ಒಣಗಿ ಕಾಗದದಂತಾಗಿವೆ. ಮರದ ಮೇಲಿದ್ದಾಗಿನ ಹಳೆಯ ಬಿಸಿಲಗಾಯ, ಹುಳುವಿನದಲ್ಲ. ಬೇರು ಮಾತ್ರ ನನ್ನ ಹೆಬ್ಬೆರಳಿನಷ್ಟು ದಪ್ಪ. ಒಳ್ಳೆಯ ಮರದಿಂದ ಬಿಡಿಸಿದ್ದಾನೆ ಅವಳ ಅಣ್ಣ. ಆದರೂ ಒಂದು ತಿಂಗಳು ದೂರವೇ ಇರಬೇಕು, ನಿಯಮ ನಿಯಮವೇ. ಜಗುಲಿಯ ಸೂರಿಗೆ, ನನ್ನ ಕಣ್ಣೆದುರು ಕಟ್ಟು ಎಂದೆ.

ಮೇ 3, ಶನಿವಾರ

ವಾನ್ ಬೆಳಿಗ್ಗೆ ಎದ್ದ ಕೂಡಲೇ ಸಾಲಿಗೆ ಹೋಗುತ್ತಾಳೆ. ಪ್ರತಿ ಗಿಡದ ಎಲೆಯ ಅಡಿಯನ್ನೂ ಬಿಳಿ ಬಟ್ಟೆಯಿಂದ ಒರೆಸಿ ತಂದು ಜಗುಲಿಯ ಕಂಬಿಗೆ ನೇತುಹಾಕುತ್ತಾಳೆ. ಒಂದು ಗಿಡಕ್ಕೆ ಒಂದು ತುಂಡು, ಒಂದರ ಬಟ್ಟೆ ಇನ್ನೊಂದಕ್ಕೆ ತಾಗಬಾರದು. ನಾನು ಒಂದೊಂದನ್ನೂ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ದಾರಿಹೋಕರು ಯಾವ ಹಬ್ಬ ಎಂದು ಕೇಳುತ್ತಾರಂತೆ.

ಬಟ್ಟೆಗಳು ಬಿಳಿ. ದೇವರಿಗೆ ಶರಣು.

ಇವತ್ತು ಹಸಿ ಪಪ್ಪಾಯಿಯ ಸೋಮ್ ತಮ್ ಕುಟ್ಟುವಾಗ ನನಗೂ ಸ್ವಲ್ಪ ಹಾಕು ಎಂದೆ. "ಪ್ಲಾರಾ ಹಾಕಿದ್ದಾ, ಹಾಕದೆ ಇದ್ದಿದ್ದಾ?" ಎಂದು ಕೇಳಿದಳು. ನೀನು ತಿನ್ನುವುದೇ ಹಾಕು ಎಂದೆ. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಗೆ. ಪ್ಲಾರಾ ಅಷ್ಟೇನೂ ನಾರುವುದಿಲ್ಲ, ತಿನ್ನುವಾಗ.

ಮೇ 7, ಬುಧವಾರ

ಒಂದು ಬಟ್ಟೆಯ ಮೇಲೆ ಕೆಂಪು ಗೆರೆ.

ನಾನು ಬಾಯಿ ತೆರೆಯುವ ಮೊದಲೇ ವಾನ್ ಹೇಳಿದಳು, "ಹೆದರ್ಬೇಡಿ ಅಮ್ಮಾ. ತೂಗುತಂತಿಯ ತುಕ್ಕು. ಬಟ್ಟೆ ಅದಕ್ಕೆ ತಾಗಿತು. ಅದೇ ಎಲೆಯನ್ನ ಬೇರೆ ಬಟ್ಟೇಲಿ ಒರೆಸಿದೆ, ಏನೂ ಇಲ್ಲ."

ಸರಿ ಎಂದೆ. ಗಂಜಿ ತರಲು ಹೇಳಿದೆ.

ಮೇ 11, ಭಾನುವಾರ

ವಿಶಾಖ ಹುಣ್ಣಿಮೆ. ವಾನ್ ಮತ್ತು ಚಾತ್ ವಿಹಾರಕ್ಕೆ ಹೋಗಿ ಮೂರು ಸುತ್ತು ಬಂದರು. ನನ್ನ ಪಾಲಿನ ಊದುಬತ್ತಿಯನ್ನು ಅವಳು ಹಚ್ಚಿದಳು. ಗೆರೆ ಎಳೆದ ಕಲೆಗಳು ಗೆರೆ ದಾಟಿಲ್ಲ. ಆದರೆ ಹೊಸ ಎಲೆ ಇನ್ನೂ ಮೊಗ್ಗಿನಂತೆ ಮುದುರಿಕೊಂಡೇ ಇದೆ. ಚಾತ್ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ದಿನಾ ಆ ಗರಿಗಳ ರಾಶಿಯನ್ನು ನೋಡಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಅವನ ಭಯ ಅವನದು. ಹೊತ್ತು ತಂದು ಮನೆ ನಡೆಸುವವನು ಅವನೇ. ಇಷ್ಟು ದಿನ ತಾಳಿದ್ದಾನಲ್ಲ, ಅವನ ಅಪ್ಪನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಲುಂಗ್ ಚೋಯ್ ದಿನವೂ ಬರುತ್ತಾನೆ, ಹಲಸಿನ ತೊಳೆಯೋ ಬಾಳೆಹಣ್ಣೋ ತರುತ್ತಾನೆ. ತಪ್ಪು ಮಾಡಿದ ಎಮ್ಮೆಯಂತೆ ಮೆಟ್ಟಿಲಲ್ಲೇ ನಿಲ್ಲುತ್ತಾನೆ. ಇವತ್ತು ಒಳಗೆ ಬಾ ಎಂದೆ.

"ಬೈಯಲ್ವಾ?"

"ಕುಡಿಯೋಕೆ ಏನಾದ್ರೂ ಬೇಕಾ? ಐಸು ಹಾಕಲ್ಲ."

ಹಬ್ಬದ ದಿನ ನನ್ನ ಲೋಟಕ್ಕೆ ಹಾಕಿದ ತುಂಡೂ ಅದೇ ಪೆಟ್ಟಿಗೆಯದು. ಅದಕ್ಕೆ ಉ‍ಪಕಾರ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ. ಆವತ್ತು ಸೆಕೆ ನಿಜ, ತಂಪಾದದ್ದೂ ನಿಜ.

ಮೇ 20, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಸಿಪ್ಪೆ ಸುಲಿದ ಕೆಸುವಿನ ಗೆಡ್ಡೆಯಂತಿದೆ. ಕೋಲು ಹಿಡಿದು ನಡೆಯಬಹುದು. ಭಿಕ್ಷುಗಳು ಹೇಳಿದ್ದು ಪ್ಲಾಸ್ಟರ್ ಬಿಚ್ಚುವ ತನಕ, ಇನ್ನು ಬರೆಯಬೇಕಾಗಿಲ್ಲ.

ಮೇ 22, ಗುರುವಾರ

ಕೋಲು ಹಿಡಿದು ವಾನ್ ಜೊತೆ ತೋಟಕ್ಕೆ ಹೋದೆ. ಹಲಗೆ ಹೊಸದು, ಚಾತ್ ಹಾಕಿದ್ದಾನೆ. ಅವಳು ನನ್ನ ಮುಂದೆ ಹಿಂದಕ್ಕೆ ನಡೆಯುತ್ತ, ಎರಡೂ ಕೈ ಚಾಚಿಕೊಂಡು ಹೋದಳು.

"ಹಿಂದೆ ನೋಡಿಕೊಂಡು ನಡಿ. ನೀನು ಬಿದ್ರೆ ನಿನ್ನನ್ನ ಬೆನ್ನ ಮೇಲೆ ಹೊರೋರು ಯಾರು, ನಾನಾ?"

"ನೀವು ಹೊರಲ್ಲ, ಮೇಲಿಂದ ಬೈತೀರಿ."

ಹೊಸ ಎಲೆಯ ತುದಿ ಕಾಣುತ್ತಿದೆ. ಮೂರು ಗಿಡಗಳಲ್ಲಿ. ಬಿಚ್ಚಲು ಇನ್ನೂ ಸಮಯವಿದೆ.

ಮೇ 27, ಮಂಗಳವಾರ

ವಾನ್ ಊರಿನಲ್ಲಿ ಬಾಣದ ಹಬ್ಬ. ಮಳೆ ಕೇಳಲು ಮುಗಿಲಿಗೆ ಮದ್ದು ತುಂಬಿದ ಬಿದಿರಿನ ಬಾಣ ಬಿಡುತ್ತಾರೆ. ಅವಳು ಹೋಗುತ್ತೇನೆ ಎನ್ನಲಿಲ್ಲ. ಅಡುಗೆಮನೆಯಲ್ಲಿ ಅಣ್ಣನ ಜೊತೆ ಫೋನಿನಲ್ಲಿ, "ಆಗಲ್ಲ, ಎಲೆ ಬಿಚ್ಚೋ ಹೊತ್ತು" ಎನ್ನುತ್ತಿದ್ದದ್ದು ಕೇಳಿಸಿತು. ಕರೆದು ಹೇಳಿದೆ, ಸೊಂಗ್‌ಕ್ರಾನ್‌ಗೆ ಹೋಗಲಿಲ್ಲ, ಈಗ ಹೋಗು.

"ಎಲೆ ನೋಡ್ಬೇಕು ಅಮ್ಮಾ. ಮಧ್ಯದಲ್ಲಿ ಬಿಟ್ಟು ಹೇಗೆ ಹೋಗ್ಲಿ?"

"ಎಲೆ ನಾನು ನೋಡ್ತೀನಿ."

"ನೀವಾ?" ಎಂದು ನಕ್ಕಳು. ಧೈರ್ಯ ನೋಡಿ.

ಅವಳ ತಾಯಿಗೆಂದು ನಾನು ಕೈನೇಯ್ಗೆಯ ಒಂದು ಸೀನ್, ಸೊಂಟಕ್ಕೆ ಸುತ್ತುವ ಬಟ್ಟೆ, ಕೊಟ್ಟೆ. ಪೆಟ್ಟಿಗೆಯ ತಳದಲ್ಲಿ ಸುಮ್ಮನೆ ಮಡಚಿಕೊಂಡಿತ್ತು.

ಮೇ 29, ಗುರುವಾರ

ಹೋದಳು. ಮನೆ ಬಿಕೋ ಎನ್ನುತ್ತಿದೆ. ತಲೆ ನಾನೇ ಬಾಚಿಕೊಂಡೆ, ಬೈತಲೆ ಸೊಟ್ಟ. ಬಟ್ಟೆ ಒರೆಸುವ ಕೆಲಸ ಈಗ ನನ್ನದು.

ಜೂನ್ 1, ಭಾನುವಾರ

ರಾತ್ರಿ ಮಳೆ. ಈ ವರ್ಷದ ಮೊದಲ ನಿಜವಾದ ಮಳೆ. ವಾನ್ ಊರಿನ ಬಾಣ ಯಾವ ಮುಗಿಲಿಗೆ ತಾಗಿತೋ, ನೀರು ನಮ್ಮ ತೋಟಕ್ಕೆ ಬಿತ್ತು.

ಬೆಳಿಗ್ಗೆ ಕೋಲು ಹಿಡಿದು ಒಬ್ಬಳೇ ಹೋದೆ. ಮೂರರಲ್ಲಿ ನಡುವಿನ ಗಿಡದ ಎಲೆ ಬಿಚ್ಚಿತ್ತು. ಅಂಗೈ ಅಗಲ, ಎಣ್ಣೆ ಸವರಿದಂಥ ಹೊಳಪು. ಕನ್ನಡಕ ಒರೆಸಿ ಮೇಲೆ ನೋಡಿದೆ. ಬಗ್ಗಿ ಅಡಿ ನೋಡಿದೆ. ಹೊಸ ಬಟ್ಟೆಯಿಂದ ಒರೆಸಿದೆ. ಒಂದು ಚುಕ್ಕೆ ಇಲ್ಲ. ಗೆರೆ ಇಲ್ಲ. ಏನೂ ಇಲ್ಲ, ಹಸಿರು ಬಿಟ್ಟರೆ.

ಕುಂಡದ ಅಂಚು ಹಿಡಿದುಕೊಂಡೆ. ನಮ್ಮವರ ಹೆಸರು ಹೇಳಿದೆ. ಮಳೆಗೆ, ಚಾತ್‌ನ ತಾಳ್ಮೆಗೆ, ಲುಂಗ್ ಚೋಯ್‌ನ ಹಲಸಿಗೆ, ಆ ಬೆನ್ನಿಗೆ, ಯಾವುದಕ್ಕೆಂದು ಕೈ ಮುಗಿಯಲಿ? ಎಲ್ಲಕ್ಕೂ ಒಂದೇ ಸಲ ಮುಗಿದೆ. ಕೋಲು ಕಾಲುವೆಗೆ ಬಿತ್ತು.

ಹತ್ತು ಗಂಟೆಗೆ ವಾನ್ ಫೋನು. ಹಿಂದೆ ತಮಟೆ, ಗಲಾಟೆ.

"ಅಮ್ಮಾ! ಎಲೆ ಬಿಚ್ತಾ?"

"ಇಲ್ಲ."

"ಮಳೆ ಬಂತಂತಲ್ಲ? ಇನ್ನೂ ಇಲ್ವಾ?"

"ಇಲ್ಲ ಅಂದೆನಲ್ಲ. ನಾಡಿದ್ದು ಬರ್ತೀಯಲ್ಲ, ನೀನೇ ಬಂದು ನೋಡು. ಊಟ ಮಾಡಿದೆಯಾ?"

ಹಿರಿಯ ಭಿಕ್ಷುಗಳಿಗೆ ತಿಳಿದರೆ ಸುಳ್ಳು ಹೇಳಿದ್ದಕ್ಕೆ ಏನಾದರೂ ಬರೆಸುತ್ತಾರೆ.

ಫೋನು ಇಟ್ಟು ತಿರುಗಿದರೆ ಚಾತ್ ಬೂಟು ಹಾಕಿಕೊಂಡು ಬಿಳಿ ಚಿಟ್ಟೆ ಸಾಲಿನ ಕಡೆ ಹೊರಟಿದ್ದ. ಕೂಗಿ ನಿಲ್ಲಿಸಿದೆ.

"ಆ ಕಡೆ ಹೋಗ್ಬೇಡ."

"ಯಾಕಮ್ಮಾ? ಎಲೆ ನೋಡ್ಬೇಡ್ವಾ?" ಅವನ ಮುಖ ಬಿಳಿಚಿತು. "ಚುಕ್ಕೆ ಇದೆಯಾ?"

"ಆ ಗರಿಗಳನ್ನ ತಗೊಂಡು ಹೋಗಿ ಒಲೆಗೆ ಹಾಕು. ಅಂಗಳದಲ್ಲಿ ಯಾಕೆ ಕೊಳೀಬೇಕು?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ನೋಡಿ ಬರ್ತೀನಿ ಅಮ್ಮಾ, ಒಂದೇ ಸಲ."

"ಬೇಡ. ವಾನ್ ಬರಲಿ. ಮೊದಲು ಅವಳು ನೋಡಲಿ."

"ನೀವು ಮೊದಲೇ ನೋಡಿದ್ರಲ್ಲ!"

"ನಾನು ನೋಡಿಲ್ಲ," ಎಂದೆ.